ಗ್ರೇಡ್ ಫೋರ್‌ನ ಶುಕ್ರವಾರದ ಸಭೆ

ಹೋದ ತಿಂಗಳು ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಮೊಮ್ಮಗಳ ಸ್ಕೂಲಿನಲ್ಲಿ ಅಜ್ಜ-ಅಜ್ಜಿಯರ ದಿನ ಇತ್ತು. ಕ್ಲಾಸಿನ ಬಾಗಿಲು ತೆರೆದದ್ದೇ ತಡ, ಬ್ಯಾಗಿನೊಳಗೆ ಕಪ್ಪಾದ ಬಾಳೆಹಣ್ಣು, ಪೋಸ್ಟರ್ ಪೇಂಟು, ಮಳೆಗೆ ಒದ್ದೆಯಾದ ಉಣ್ಣೆಯ ಜಂಪರ್, ಎಲ್ಲ ಕಲೆತ ಒಂದು ವಾಸನೆ ಮೂಗಿಗೆ ಬಡಿಯಿತು. ಮೊಮ್ಮಗಳು ತಾನು ಬರೆದ ಚಿತ್ರ ತೋರಿಸಲು ಕೈ ಹಿಡಿದು ಎಳೆಯುತ್ತಿದ್ದಳು. ನನಗೆ ಮಾತ್ರ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಮೂವತ್ತು ವರ್ಷಕ್ಕೂ ಹಿಂದೆ, ಮೆಲ್ಬರ್ನಿನ ಒಂದು ಸ್ಕೂಲಿನ ಬಾಗಿಲಲ್ಲಿ ಇದೇ ವಾಸನೆಗೆ ಅದು ಹೀಗೆಯೇ ಹೊಡೆದುಕೊಂಡಿತ್ತು.

ನಾವು ಮೈಸೂರು ಬಿಟ್ಟು ಸಿಡ್ನಿಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ನಮ್ಮವರು ಸಿವಿಲ್ ಇಂಜಿನಿಯರು. ನಾನು ಮೈಸೂರಿನಲ್ಲಿ ಆರು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಆ ಅನುಭವ ಇಲ್ಲಿ ಸಾಲದು ಎಂದರು. ಪರಮಟ್ಟಾ ಹತ್ತಿರದ ಪುಟ್ಟ ಫ್ಲ್ಯಾಟಿನಿಂದ ದಿನವೂ ಟ್ರೈನು ಹಿಡಿದು ಹೋಗಿ, ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿಯರ ಪಕ್ಕ ಕೂತು ಒಂದು ವರ್ಷದ ಕೋರ್ಸು ಮುಗಿಸಿದೆ. ಅಷ್ಟರಲ್ಲಿ ನಮ್ಮವರ ಕೆಲಸ ಮೆಲ್ಬರ್ನಿಗೆ ಬದಲಾಯಿತು. ಡ್ಯಾಂಡಿನಾಂಗ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಅರ್ಜಿ ಹಾಕಿ ಹಾಕಿ ಕೈಸೋತು ಕೂತಿದ್ದಾಗ, ಜನವರಿಯ ಸುಡುಬಿಸಿಲಿನ ಒಂದು ಮಧ್ಯಾಹ್ನ ಫೋನು ಬಂತು. ಎರಡು ಸ್ಟೇಷನ್ ಆಚೆಯ ಸ್ಕೂಲು, ಗ್ರೇಡ್ ಫೋರ್, ಒಂದು ವರ್ಷದ ಕಾಂಟ್ರಾಕ್ಟು. ಫೋನು ಇಟ್ಟವಳೇ ಎಂಟು ವರ್ಷದ ಮಗಳು ಮೇಘಾಳನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಗಿರಗಿರ ತಿರುಗಿದೆ.

ಪ್ರಿನ್ಸಿಪಾಲರು ಉದ್ದನೆಯ, ಕೆಂಪು ಗಡ್ಡದ ಮನುಷ್ಯ. "ನನ್ನನ್ನ ಗ್ರೇಮ್ ಅಂತ ಕರೀರಿ" ಎಂದರು. ಹೆಡ್‌ಮಾಸ್ಟರನ್ನು ಹೆಸರು ಹಿಡಿದು ಕರೆಯುವುದೆಂದರೆ ನನ್ನ ನಾಲಿಗೆ ಹೊರಳೀತೇ! ವರ್ಷವೆಲ್ಲ "ಎಕ್ಸ್‌ಕ್ಯೂಸ್ ಮಿ" ಎನ್ನುವುದರಲ್ಲೇ ಕಾಲ ಹಾಕಿದೆ. ಟೈಮ್‌ಟೇಬಲ್ ಕೊಡುತ್ತಾ ಅವರು, "ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಖಾಲಿ ಬಿಟ್ಟಿದೀನಿ. ಒಟ್ಟಿಗೆ ಬಾಳೋದು ಹೇಗೆ ಅಂತ ಮಕ್ಕಳಿಗೆ ಕಲಿಸ್ಬೇಕು. ಪುಸ್ತಕ ಇಲ್ಲ. ಹಳೇ ಟೀಚರ್ಸ್ ಯಾರಿಗೂ ಇದು ಬೇಡ. ನಿಮಗೆ?" ಎಂದು ಕೇಳಿದರು.

"ಬೇಕು" ಎಂದೆ. ಮೈಸೂರಿನಲ್ಲಿ ನೀತಿಬೋಧೆಯ ಪೀರಿಯಡ್ಡು ನನ್ನದೇ ಆಗಿತ್ತು. ನನಗೇನು ಹೆದರಿಕೆ!

ಮೊದಲ ಶುಕ್ರವಾರ ಇಪ್ಪತ್ತಾರು ಮಕ್ಕಳಿಗೆ ಸಿಂಹ ಮತ್ತು ಮೊಲದ ಕಥೆ ಹೇಳಿದೆ. ಕಣ್ಣು ಅರಳಿಸಿ, ಕೈ ಆಡಿಸಿ, ಬಾವಿಯಲ್ಲಿ ಸಿಂಹದ ನೆರಳು ತೋರಿಸಿ, ಕೊನೆಗೆ ಇದರ ನೀತಿಯೇನು ಎಂದು ಕೇಳಿದೆ. ಮೈಸೂರಿನಲ್ಲಾಗಿದ್ದರೆ ಇಡೀ ಕ್ಲಾಸು ರಾಗ ಎಳೆದು ಉತ್ತರ ಹೇಳುತ್ತಿತ್ತು. ಇಲ್ಲಿ ಕೈಲಿ ಎಂಬ ಹುಡುಗಿ ಕೈಯೆತ್ತಿದಳು. ಬಿಳಿಗೂದಲು, ಕ್ಲಾಸಿಗೇ ದೊಡ್ಡ ಗಂಟಲು, ಟ್ರಕ್ ಡ್ರೈವರ್ ಮಗಳು. "ಮಿಸೆಸ್ ರಾವ್, ಸಿಂಹಕ್ಕೆ ಹಸಿವಾಗಿತ್ತು. ಅದ್ರದ್ದೇನು ತಪ್ಪು?" ಎಂದಳು. ಅರ್ಧ ಕ್ಲಾಸು ಸಿಂಹದ ಪಕ್ಷ ಸೇರಿತು. ಬೆಲ್ಲು ಹೊಡೆಯುವ ಹೊತ್ತಿಗೆ ನಾನೂ ಸಿಂಹದ ಹಾಗೆಯೇ ಬಾವಿಗೆ ಬಿದ್ದಿದ್ದೆ.

ಪಕ್ಕದ ಕೋಣೆಯಲ್ಲಿ ಪುಟಾಣಿಗಳ ಕ್ಲಾಸು ನೋಡಿಕೊಳ್ಳುತ್ತಿದ್ದವಳು ಫ್ಲೇವಿಯಾ. ಮಂಗಳೂರಿನವಳು, ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ನನ್ನ ಮುಖ ನೋಡಿ ಚಹಾದ ಕಪ್ಪು ಕೈಗಿತ್ತಳು.

"ನೀತಿ ಎಲ್ಲ ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ದಿನಕ್ಕೆ ಹತ್ತು ಜಗಳ ಅವರದ್ದೇ ಆಗ್ತದಲ್ಲ? ಅದನ್ನೇ ತಕೊ."

ಆ ಒಂದು ಮಾತು ನನ್ನ ವರ್ಷವನ್ನೇ ಬದಲಾಯಿಸಿತು. ಮುಂದಿನ ವಾರ ಒಂದು ಶೂ ಡಬ್ಬಿಗೆ ಸೀಳು ಕೊರೆದು ಕಿಟಕಿಯ ಬಳಿ ಇಟ್ಟೆ. ಯಾರಿಗೆ ಏನು ಬೇಸರವೋ ಚೀಟಿ ಬರೆದು ಹಾಕಬಹುದು, ಹೆಸರು ಬೇಕಿಲ್ಲ. ಶುಕ್ರವಾರ ಎಲ್ಲರೂ ಕಾರ್ಪೆಟ್ಟಿನ ಮೇಲೆ ದುಂಡಗೆ ಕೂತು ಒಂದೊಂದಾಗಿ ಓದಿ ಮಾತಾಡುವುದು. ನಿಯಮಗಳನ್ನು ಮಕ್ಕಳೇ ಮಾಡಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಯಾರನ್ನೂ ನಗೆಗೀಡು ಮಾಡಬಾರದು. ಡಬ್ಬಿಗೆ ಬಿದ್ದ ಪ್ರತಿ ಚೀಟಿಯನ್ನೂ ಗಟ್ಟಿಯಾಗಿ ಓದಲೇಬೇಕು.

ಚೀಟಿಗಳು ಬಂದದ್ದೇ ಬಂದದ್ದು! ಬಾಲು ಯಾರಿಗೂ ಬಿಡುವುದಿಲ್ಲ. ನನ್ನ ರಬ್ಬರು ಕಚ್ಚಿದ್ದಾರೆ. ನನ್ನ ಊಟದ ಡಬ್ಬಿ ತೆಗೆದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಈ ಕೊನೆಯದಕ್ಕೆ ಮಕ್ಕಳು ಹುಡುಕಿದ ಪರಿಹಾರ ಕೇಳಿ: ಮೂಗು ಮುಚ್ಚಿಕೊಂಡವರು ಒಂದು ತುತ್ತು ತಿಂದು ನೋಡಿಯೇ ಅಭಿಪ್ರಾಯ ಹೇಳಬೇಕು. ಮರುವಾರ ಅದೇ ಡಬ್ಬಿಯ ಮುಂದೆ ಕ್ಯೂ ನಿಂತಿತು. ಶುಕ್ರವಾರ ಬಂತೆಂದರೆ ನಾನು ಬೆಳಗಿನ ಟ್ರೈನಿನಲ್ಲಿ ಕೂರಲಾರದೆ ನಿಂತೇ ಹೋಗುತ್ತಿದ್ದೆ.

ಇನ್ನೊಂದು ಶುಕ್ರವಾರ ಮಕ್ಕಳು ತಮ್ಮ ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದರು. ಹೆದರಿಕೆಯಾದರೆ, ಯಾರಾದರೂ ಮುಟ್ಟಬಾರದಂತೆ ಮುಟ್ಟಿದರೆ, ಯಾರಲ್ಲಿ ಹೋಗಿ ಹೇಳುತ್ತೀರಿ? ಬೆರಳಿಗೊಂದರಂತೆ ಐದು ದೊಡ್ಡವರ ಹೆಸರು ಬರೆಯಿರಿ ಎಂದೆ. ಸಂಜೆ ಒಬ್ಬಳೇ ಕೂತು ಆ ಕೈಗಳನ್ನೆಲ್ಲ ನೋಡಿದೆ. ಹನ್ನೊಂದು ಕೈಗಳ ಮೇಲೆ ಬೆರಿಲ್ ಎಂಬ ಹೆಸರಿತ್ತು. ನನ್ನ ಹೆಸರಿದ್ದದ್ದು ಎರಡರ ಮೇಲೆ.

ಬೆರಿಲ್ ನಮ್ಮ ಟೀಚರಲ್ಲ. ಸ್ಕೂಲಿನ ಮುಂದಿನ ದೊಡ್ಡ ರಸ್ತೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ ಮಕ್ಕಳನ್ನು ದಾಟಿಸುತ್ತಿದ್ದ, ಬಿಳಿ ಕೋಟಿನ ಅರವತ್ತು ದಾಟಿದ ಹೆಂಗಸು. ಗೋಡೌನುಗಳಿಗೆ ಹೋಗುವ ಟ್ರಕ್ಕುಗಳು ಧಡಧಡ ಬರುತ್ತಿದ್ದ ಆ ರಸ್ತೆಗೆ ಅವಳು ಕೋಲಿಗೆ ಸಿಕ್ಕಿಸಿದ ಕೆಂಪು ಸ್ಟಾಪ್ ಬೋರ್ಡ್ ಹಿಡಿದು ಇಳಿದಳೆಂದರೆ ಎಂಥ ಗಾಡಿಯೂ ನಿಲ್ಲಬೇಕು. ಯಾರ ಹಲ್ಲು ಬಿತ್ತು, ಯಾರ ಮನೆಯಲ್ಲಿ ಪಾಪು ಹುಟ್ಟಿತು, ಯಾರು ಇವತ್ತು ಅತ್ತುಕೊಂಡು ಬಂದರು, ಅವಳಿಗೆಲ್ಲ ಗೊತ್ತು. ನನಗೆ ಕೊಂಚ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಚಳಿಗಾಲ ಬಂತು. ದಕ್ಷಿಣದ ಗಾಳಿ ಕಿವಿ ಕತ್ತರಿಸುತ್ತಿದ್ದ ಒಂದು ಬುಧವಾರ ಆಟದ ಮೈದಾನ ಕಾಯುವ ಸರದಿ ನನ್ನದು. ಮಕ್ಕಳು ಕೈಯಲ್ಲಿ ನೇತಾಡಿಕೊಂಡು ಹೋಗುವ ಕಬ್ಬಿಣದ ಕಂಬಿಗಳ ಕಡೆಯಿಂದ ಕಿರುಚಾಟ ಕೇಳಿ ಓಡಿದೆ. ಕೈಲಿ ಕೆಳಗೆ ಬಿದ್ದಿದ್ದಳು, ಬಾಯಿತುಂಬ ರಕ್ತ. "ತುಯೆತ್! ತುಯೆತ್!" ಎಂದು ಅಳುತ್ತಿದ್ದಳು. ಪಕ್ಕದಲ್ಲಿ ತುಯೆತ್ ನಿಂತಿದ್ದಳು, ಕೈಲಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಜಂಪರ್ ಅವಳ ಮುಷ್ಟಿಯಲ್ಲಿ. ವಿಯೆಟ್ನಾಂನಿಂದ ಬಂದ ಕುಟುಂಬದ ಹುಡುಗಿ, ಇಂಗ್ಲಿಷು ಇನ್ನೂ ಅಷ್ಟಕ್ಕಷ್ಟೆ, ಮಾತೇ ಆಡದ ಮಗು. ನಾನು ಹಿಂದೆ ಮುಂದೆ ನೋಡಲಿಲ್ಲ. "ಒಳಗೆ ಹೋಗು. ಮೂರು ದಿನ ನಿನಗೆ ಆಟ ಇಲ್ಲ" ಎಂದುಬಿಟ್ಟೆ. ಅವಳು ಜಂಪರನ್ನು ಕೈಲಿಯ ಪಕ್ಕ ಇಟ್ಟು ಒಳಗೆ ಹೋದಳು.

ಆ ಶುಕ್ರವಾರ ಡಬ್ಬಿ ತೆರೆದೆ. ಮೂರನೆಯ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು ಇತ್ತು: "ಮಿಸೆಸ್ ರಾವ್ ತುಯೆತ್‌ನ ಕೇಳಲೇ ಇಲ್ಲ."

ಇಪ್ಪತ್ತಾರು ಜೊತೆ ಕಣ್ಣುಗಳು ನನ್ನ ಮೇಲೆ. ಚೀಟಿಯನ್ನು ಗಟ್ಟಿಯಾಗಿ ಓದದೆ ಮಡಿಸಿ ಜೇಬಿಗೆ ಹಾಕಿಕೊಂಡು, "ಇವತ್ತಿಗೆ ಟೈಮಾಯ್ತು" ಎಂದೆ. ಇನ್ನೂ ಹದಿನೈದು ನಿಮಿಷ ಇತ್ತು. ಯಾರೂ ತಕರಾರು ಮಾಡಲಿಲ್ಲ. ಸುಮ್ಮನೆ ಎದ್ದು ತಂತಮ್ಮ ಜಾಗಕ್ಕೆ ಹೋದರು. ಆ ಸುಮ್ಮನಿರುವಿಕೆ ನನ್ನನ್ನು ಸ್ಟೇಷನ್ನಿನವರೆಗೂ ಅಟ್ಟಿಸಿಕೊಂಡು ಬಂತು.

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ನಮ್ಮವರು, "ಟೀಚರ್ ಸಾರಿ ಕೇಳಿದ್ರೆ ಮಕ್ಕಳು ತಲೆ ಮೇಲೆ ಕೂತ್ಕೋತಾರೆ ಕಣೆ. ಬಿಟ್ಹಾಕು" ಎಂದರು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮೇಘಾ ಚಪಾತಿ ಹರಿಯುವುದನ್ನು ನಿಲ್ಲಿಸಿ, "ಬಟ್ ಅಮ್ಮಾ, ರೂಲ್ ಈಸ್ ರೂಲ್" ಎಂದಳು. ಶನಿವಾರ ಫ್ಲೇವಿಯಾಳಿಗೆ ಫೋನು ಮಾಡಿದೆ. ಅವಳು ನನ್ನ ಕಥೆಯನ್ನೆಲ್ಲ ಕೇಳಿ ಕೊನೆಗೆ, "ಎಂತ, ಮಕ್ಕಳ ಹತ್ರ ಸಾರಿ ಕೇಳಿದ್ರೆ ನಿನ್ನ ಕಿರೀಟ ಬಿದ್ದುಹೋಗ್ತದಾ?" ಎಂದಳು.

ಸೋಮವಾರ ಹಾಜರಿ ಮುಗಿದ ಕೂಡಲೇ ಎಲ್ಲರನ್ನೂ ಕಾರ್ಪೆಟ್ಟಿಗೆ ಕರೆದೆ. ಯಾವಾಗಲೂ ಕುರ್ಚಿಯ ಮೇಲೆ ಕೂರುತ್ತಿದ್ದವಳು ಅವತ್ತು ಅವರ ಜೊತೆ ನೆಲದ ಮೇಲೆ ಕೂತೆ. ಚೀಟಿಯನ್ನು ಬಿಡಿಸಿ ಗಟ್ಟಿಯಾಗಿ ಓದಿದೆ. "ನಾನು ಎರಡು ತಪ್ಪು ಮಾಡಿದೆ. ತುಯೆತ್‌ನ ಕೇಳದೇ ಶಿಕ್ಷೆ ಕೊಟ್ಟೆ. ಆಮೇಲೆ ಈ ಚೀಟಿನ ಬಚ್ಚಿಟ್ಟೆ. ತುಯೆತ್, ನನ್ನನ್ನ ಕ್ಷಮಿಸು. ಅವತ್ತು ಏನಾಯ್ತು?"

ತುಯೆತ್ ಕಾರ್ಪೆಟ್ಟಿನ ದಾರ ಎಳೆಯತೊಡಗಿದಳು. ಯಾರೂ ಬಾಯಿ ಹಾಕಲಿಲ್ಲ.

"ಅವಳು ಬೀಳ್ತಿದ್ಲು," ಎಂದಳು. "ನಾನು ಹಿಡಿದೆ. ಜಂಪರ್ ಮಾತ್ರ ಸಿಕ್ತು."

"ನಾನು ದೂರ್ತಿರ್ಲಿಲ್ಲ ಮಿಸೆಸ್ ರಾವ್!" ಕೈಲಿ ತಡೆಯಲಾರದೆ ಕೂಗಿದಳು. "ನಾನು ಅವಳನ್ನ ಕರೀತಿದ್ದೆ! ನನ್ನ ಫ್ರೆಂಡ್ ಅವ್ಳು!"

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ! ಬಾಯ್ತುಂಬ ರಕ್ತ ಬೇರೆ ಇತ್ತು!"

ಕ್ಲಾಸು ಗೊಳ್ಳೆಂದು ನಕ್ಕಿತು. ತುಯೆತ್ ಕೂಡ ನಕ್ಕಳು. ಆಮೇಲೆ ಸಭೆ ನನಗೆ ಶಿಕ್ಷೆ ವಿಧಿಸಲು ಕೂತಿತು. ತುಯೆತ್‌ಳ ಮೂರು ದಿನದ ಆಟ ಹೋಗಿದೆ, ಆದ್ದರಿಂದ ಮಿಸೆಸ್ ರಾವ್ ಮೂರು ದಿನ ಚಹಾ ಬಿಟ್ಟು ಹೊರಗೆ ಬಂದು ಅವಳೊಂದಿಗೆ ಆಡಬೇಕು. ಎದುರುಬದುರು ನಿಂತ ಇಬ್ಬರ ಕಾಲುಗಳಿಗೆ ಎಲಾಸ್ಟಿಕ್ ಸುತ್ತಿ ಅದರ ಮೇಲೆ ಹಾರುವ ಆಟ. ನಾನು ಪ್ಯಾಂಟು ಹಾಕಿಕೊಳ್ಳಲು ಕಲಿತ ವರ್ಷ ಅದು. ದೇವರ ದಯೆ! ಮೂವತ್ತೈದರ ಮೈ ಹೊತ್ತು ನಾನು ಹಾರಿದೆ, ಸಿಕ್ಕಿಹಾಕಿಕೊಂಡು ಬಿದ್ದೆ, ಮತ್ತೆ ಹಾರಿದೆ. ಕಿಟಕಿಯಿಂದ ಫ್ಲೇವಿಯಾ ನಗುವುದು ಮೈದಾನದ ಆಚೆ ತುದಿಗೂ ಕೇಳುತ್ತಿತ್ತು. ತುಯೆತ್ ತನ್ನ ಅಂಗೈಯ ಚಿತ್ರಕ್ಕೆ ಆಮೇಲೆ ಯಾರ ಹೆಸರನ್ನಾದರೂ ಸೇರಿಸಿದಳೋ ಇಲ್ಲವೋ ನಾನು ನೋಡಲು ಹೋಗಲಿಲ್ಲ. ಅದು ಅವಳ ಕೈ.

ಮೂರನೆಯ ಟರ್ಮಿನಲ್ಲಿ ಮನೆಮನೆಗೆ ಒಂದು ಕಾಗದ ಹೋಯಿತು. ಸ್ಕೂಲಿನ ಮುಂದಿನ ರಸ್ತೆಯಲ್ಲಿ ದಾಟುವ ಮಕ್ಕಳು ತೀರ ಕಡಿಮೆಯೆಂದು ಎಣಿಕೆಯಿಂದ ಗೊತ್ತಾಗಿರುವುದರಿಂದ ವರ್ಷದ ಕೊನೆಗೆ ಅಲ್ಲಿ ದಾಟಿಸುವವರನ್ನು ನಗರಸಭೆ, ಅಂದರೆ ಕೌನ್ಸಿಲ್, ತೆಗೆಯಲಿದೆ ಎಂದು ಬರೆದಿತ್ತು. ಆ ಶುಕ್ರವಾರ ಡಬ್ಬಿಯಲ್ಲಿ ಹದಿನೇಳು ಚೀಟಿ. ಹದಿನೇಳರಲ್ಲೂ ಬೆರಿಲ್.

ಮೊದಲು ಬಂದ ಸಲಹೆಗಳನ್ನು ನೆನೆದರೆ ಈಗಲೂ ನಗು. ನಮ್ಮನ್ನು ಕಂಬಕ್ಕೆ ಕಟ್ಟಿಕೊಳ್ಳೋಣ. ಮೇಯರ್‌ಗೆ ಮೊಟ್ಟೆ ಎಸೆಯೋಣ. ನಾನು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡು ಕೂತೆ. ಮೊಟ್ಟೆಯ ಪ್ರಸ್ತಾಪ ಓಟಿಗೆ ಬಿದ್ದು, ಕೂದಲೆಳೆಯಲ್ಲಿ ಸೋತಿತು. ಆಗ ತುಯೆತ್ ಕೈಯೆತ್ತಿದಳು.

"ಅವರು ಯಾವಾಗ ಎಣಿಸಿದ್ರು?"

ಯಾರಿಗೂ ಗೊತ್ತಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಆಫೀಸಿನ ಫೋನಿನಿಂದ ಕೈಲಿ ಕೌನ್ಸಿಲ್‌ಗೆ ಫೋನು ಮಾಡಿದಳು. ಬಾಗಿಲ ಹೊರಗೆ ಇಪ್ಪತ್ತೈದು ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಕೈಲಿ ಫೋನು ಇಟ್ಟು ಓಡಿಬಂದಳು. "ಬೆಳಿಗ್ಗೆ! ಬರೀ ಬೆಳಿಗ್ಗೆ ಎಣ್ಸಿದ್ದಾರೆ!"

ತುಯೆತ್ ತಲೆ ಅಲ್ಲಾಡಿಸಿದಳು. "ಬೆಳಿಗ್ಗೆ ಅಪ್ಪ ಕಾರಲ್ಲಿ ಬಿಟ್ಟು ಫ್ಯಾಕ್ಟರಿಗೆ ಹೋಗ್ತಾರೆ. ಮಧ್ಯಾಹ್ನ ನಾನು, ತಮ್ಮ, ತಂಗಿ ನಡ್ಕೊಂಡು ಹೋಗ್ತೀವಿ."

"ನಾನೂ!" "ನಾನೂ!" ಎಂದು ಕಾರಿಡಾರಿನ ತುಂಬ ಕೈಗಳು ಮೇಲೆದ್ದವು. ಅರ್ಧಕ್ಕೂ ಹೆಚ್ಚು ಮಕ್ಕಳದು ಅದೇ ಕಥೆ. ಆ ಕ್ಷಣದ ನನ್ನ ರೋಮಾಂಚನ ಹೇಗೆ ಹೇಳಲಿ! ಯಾರೂ ಕಲಿಸದ ಪಾಠವೊಂದು ಒಂಬತ್ತು ವರ್ಷದ ಹುಡುಗಿಯ ತಲೆಯಲ್ಲಿ ಹುಟ್ಟಿ, ನನ್ನ ಕಣ್ಣೆದುರಿಗೇ ಇಡೀ ಕ್ಲಾಸಿಗೆ ಹಬ್ಬಿತ್ತು.

ಮರುವಾರ ಪೂರ್ತಿ ಎಣಿಸಿದೆವು. ದಿನಕ್ಕೆ ನಾಲ್ಕು ಮಕ್ಕಳು, ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ನನ್ನ ಕಾವಲಿನಲ್ಲಿ. ಎರಡು ದಿನ ಮಳೆ. ಪ್ಲಾಸ್ಟಿಕ್ ಚೀಲದೊಳಗೆ ಹಾಳೆ ಇಟ್ಟು, ಚೀಲದೊಳಗೇ ಕೈ ಹಾಕಿ ಗೀಟು ಹಾಕಿದರು. ಬೆರಿಲ್‌ಗೆ ವಿಷಯ ಗೊತ್ತಾಗಿ, "ನನ್ನನ್ನ ಎರಡು ಸಲ ಎಣಿಸ್ಬೇಡ್ರಪ್ಪ" ಎಂದು ನಕ್ಕಳು. ಅವಳ ಕಣ್ಣು ಒದ್ದೆಯಾಗಿತ್ತು. ಬೆಳಿಗ್ಗೆಗಿಂತ ಮಧ್ಯಾಹ್ನ ಮೂರು ಪಟ್ಟಿಗೂ ಹೆಚ್ಚು ಮಕ್ಕಳು ದಾಟುತ್ತಿದ್ದರು. ದೊಡ್ಡ ಹಾಳೆಯ ಮೇಲೆ ಬೆಳಿಗ್ಗೆಗೆ ಕೆಂಪು, ಮಧ್ಯಾಹ್ನಕ್ಕೆ ಹಳದಿ ಕಂಬಗಳನ್ನು ಬಣ್ಣ ತುಂಬಿ ನಿಲ್ಲಿಸಿ ಗೋಡೆಗೆ ಅಂಟಿಸಿದೆವು.

ಅಷ್ಟರಲ್ಲಿ ಕೈಲಿಯ ಅಪ್ಪ ಸ್ಕೂಲಿಗೆ ಬಂದರು. ಎತ್ತರದ ಆಳು, ಬೂಟಿನ ಸದ್ದಿಗೇ ಕ್ಲಾಸು ತಣ್ಣಗಾಯಿತು. "ನನ್ನ ಮಗಳು ಲೆಕ್ಕ ಕಲೀಲಿ ಅಂತ ಕಳಿಸ್ತೀನಿ, ರಾಜಕೀಯ ಕಲೀಲಿ ಅಂತಲ್ಲ" ಎಂದರು. ನಾನು ತಡವರಿಸುತ್ತಿರುವಾಗಲೇ ಕೈಲಿ ಅವರನ್ನು ಗೋಡೆಯ ಹತ್ತಿರ ಎಳೆದುಕೊಂಡು ಹೋಗಿ ಕಂಬಗಳನ್ನು ಒಂದೊಂದಾಗಿ ವಿವರಿಸಿದಳು. ಅವರು ಹಳದಿ ಕಂಬವನ್ನೇ ನೋಡುತ್ತಾ ನಿಂತರು. "ಇಷ್ಟು ಮಕ್ಕಳಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಆ ರಸ್ತೇಲಿ ನಾನೂ ಓಡಿಸ್ತೀನಿ. ಲೋಡ್ ಇದ್ರೆ ಬ್ರೇಕ್ ಸುಲಭಕ್ಕೆ ಹಿಡಿಯಲ್ಲ" ಎಂದು ಹೊರಟುಹೋದರು.

ಗ್ರೇಮ್ ನನ್ನನ್ನು ಕರೆಸಿದರು. "ಕೌನ್ಸಿಲ್‌ನ ಎದುರು ಹಾಕ್ಕೊಳ್ಳೋದು ಬೇಡ ಅಂತ ಕೆಲವು ಪೇರೆಂಟ್ಸ್ ಹೇಳ್ತಿದಾರೆ. ನಿಮ್ಮ ಕಾಂಟ್ರಾಕ್ಟ್ ಡಿಸೆಂಬರ್‌ಗೆ ಮುಗಿಯತ್ತೆ, ಜ್ಞಾಪಕ ಇರ್ಲಿ" ಎಂದರು. ಆ ಕೆಲಸಕ್ಕಾಗಿ ಎಷ್ಟು ಕಾದಿದ್ದೆ! "ನಿಲ್ಲಿಸಿಬಿಡ್ಲಾ?" ಎಂದೆ. ಅವರು ಗಡ್ಡ ಕೆರೆದುಕೊಂಡರು. "ನಾನು ನಿಲ್ಲಿಸಿ ಅಂದ್ನಾ?"

ಕೌನ್ಸಿಲ್‌ನ ಸಭೆ ಸಂಜೆ ಆರಕ್ಕೆ. ವಸಂತದ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ನಾವು ಬರೆದು ಕೇಳಿದ್ದಕ್ಕೆ ಮಾತಾಡಲು ಮೂರು ನಿಮಿಷ ಕೊಟ್ಟಿದ್ದರು. ತುಯೆತ್ ಮೊದಲು ಮಾತಾಡುವುದು, ಆಮೇಲೆ ಕೈಲಿ ಎಂದು ಕ್ಲಾಸು ಓಟು ಹಾಕಿ ತೀರ್ಮಾನಿಸಿತ್ತು. ತುಯೆತ್‌ಳ ಅಮ್ಮ ಫ್ಯಾಕ್ಟರಿಯ ನೀಲಿ ಕೋಟಿನಲ್ಲೇ ಬಂದು ಬಾಗಿಲ ಬಳಿ ನಿಂತಿದ್ದರು. ಕೈಲಿಯ ಅಪ್ಪ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ತುಯೆತ್ ಎದ್ದು ನಿಂತಳು. ಅವಳ ತುಟಿ ಆಡುವುದು ಕಾಣುತ್ತಿತ್ತು, ದನಿ ಮೂರನೆಯ ಸಾಲಿಗೂ ಬರುತ್ತಿರಲಿಲ್ಲ. ವೇದಿಕೆಯ ಮೇಲೆ ಅರ್ಧಚಂದ್ರಾಕಾರದ ಮೇಜಿನ ಹಿಂದಿದ್ದ ಸದಸ್ಯರೊಬ್ಬರು, "ಕೇಳಿಸ್ತಿಲ್ಲಮ್ಮ, ಜೋರಾಗಿ ಹೇಳು" ಎಂದರು. ತುಯೆತ್ ಇನ್ನೂ ಕುಗ್ಗಿದಳು. ಇನ್ನು ಮುಗಿಯಿತು ಎಂದು ನಾನು ಎದ್ದೆ.

ನನಗಿಂತ ಮೊದಲು ಕೈಲಿ ಎದ್ದಿದ್ದಳು. "ಕೇಳ್ಸದಿದ್ರೆ ನೀವೇ ಹತ್ರ ಬನ್ನಿ," ಎಂದಳು. "ನಮ್ಮ ಕ್ಲಾಸಲ್ಲಿ ಸಣ್ಣ ದನಿಯವ್ರ ಹತ್ರ ನಾವೇ ಹೋಗ್ತೀವಿ."

ನಾವು ಗೋಡೆಗೆ ಅಂಟಿಸಿದ್ದ ನಿಯಮಗಳಲ್ಲಿ ಇದು ಇರಲೇ ಇಲ್ಲ. ನಾನಂತೂ ಕಲಿಸಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷತೆ ವಹಿಸಿದ್ದ ಹೆಂಗಸು ಕುರ್ಚಿ ಹಿಂದೆ ಸರಿಸಿ ಎದ್ದರು. ವೇದಿಕೆಯಿಂದ ಇಳಿದು ಬಂದು ಮೊದಲ ಸಾಲಿನಲ್ಲಿ, ತುಯೆತ್‌ಳಿಗೆ ಎರಡು ಮೊಳ ದೂರದಲ್ಲಿ ಕೂತರು. ಅವರ ಹಿಂದೆ ಇನ್ನಿಬ್ಬರು ಸದಸ್ಯರು ಇಳಿದರು. "ಈಗ ಹೇಳು" ಎಂದರು.

ತುಯೆತ್ ಹೇಳಿದಳು. ಬೆಳಿಗ್ಗೆಯ ಎಣಿಕೆ, ಮಧ್ಯಾಹ್ನದ ಎಣಿಕೆ, ಅಪ್ಪ-ಅಮ್ಮಂದಿರ ಶಿಫ್ಟು, ತಮ್ಮನ ಕೈ ಒಂದರಲ್ಲಿ, ತಂಗಿಯ ಕೈ ಇನ್ನೊಂದರಲ್ಲಿ. "ನನಗೆ ಕೈ ಎರಡೇ. ಟ್ರಕ್ ನಿಲ್ಲಿಸೋಕೆ ಬೆರಿಲ್ ಬೇಕು." ಬಾಗಿಲ ಬಳಿ ನಿಂತಿದ್ದ ಅವಳ ಅಮ್ಮನಿಗೆ ಇಂಗ್ಲಿಷು ಎಷ್ಟು ಅರ್ಥವಾಯಿತೋ ತಿಳಿಯದು, ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೊನೆಯ ಸಾಲಿನಿಂದ ಕೈಲಿಯ ಅಪ್ಪ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು.

ಎರಡು ವಾರಕ್ಕೆ ಉತ್ತರ ಬಂತು. ಗ್ರೇಡ್ ಫೋರ್‌ನ ಹೆಸರಿಗೇ ಬಂದಿತ್ತು. ಮಧ್ಯಾಹ್ನಕ್ಕೆ ಬೆರಿಲ್ ಇರುತ್ತಾಳೆ, ಬೆಳಿಗ್ಗೆಗೆ ಇರುವುದಿಲ್ಲ. ಅರ್ಧ ಕ್ಲಾಸು ಕುಣಿಯಿತು, ಅರ್ಧ ಕ್ಲಾಸು ಸಿಟ್ಟಾಯಿತು. ಗೆದ್ದೆವೋ ಸೋತೆವೋ ಎಂದು ಒಂದು ಗಂಟೆ ವಾದ ನಡೆಯಿತು. ಕೊನೆಗೆ, ಬೆಳಿಗ್ಗೆ ನಡೆದು ಬರುವ ಕೆಲವರನ್ನು ಗ್ರೇಡ್ ಸಿಕ್ಸ್‌ನವರು ಪಕ್ಕದ ಸಿಗ್ನಲ್ಲಿನವರೆಗೆ ಜೊತೆಯಾಗಿ ಕರೆದೊಯ್ದು ಅಲ್ಲಿ ದಾಟಿಸಲಿ ಎಂದು ಅವರನ್ನು ಕೇಳಲು ನಿರ್ಧಾರವಾಯಿತು. ಅದೇ ವಾರ ಗ್ರೇಮ್ ನನ್ನ ಮೇಜಿನ ಮೇಲೆ ಮುಂದಿನ ವರ್ಷದ ಕಾಂಟ್ರಾಕ್ಟು ಇಟ್ಟು, ಏನೂ ಹೇಳದೆ ಶಿಳ್ಳೆ ಹಾಕಿಕೊಂಡು ಹೋದರು.

ಆ ಶುಕ್ರವಾರ ನಮ್ಮ ಕ್ಲಾಸಿನ ಸಭೆ ಮುಗಿಯುವ ಹೊತ್ತಿಗೆ ಕೈಲಿ ಕೇಳಿದಳು. "ಮಿಸೆಸ್ ರಾವ್, ಎಲೆಕ್ಷನ್‌ನಲ್ಲಿ ನೀವು ಯಾರಿಗೆ ಓಟ್ ಹಾಕಿದ್ರಿ?"

"ನನಗೆ ಓಟಿಲ್ಲ" ಎಂದೆ. "ನಾನಿನ್ನೂ ಈ ದೇಶದ ಸಿಟಿಜನ್ ಅಲ್ಲ."

ಕ್ಲಾಸು ನನ್ನನ್ನು ಹೊಸದಾಗಿ ಕಂಡವರಂತೆ ನೋಡಿತು. ಭಾರತದ ಪಾಸ್‌ಪೋರ್ಟು ಬಿಟ್ಟುಕೊಡಬೇಕಲ್ಲ ಎಂದು ಮನೆಯಲ್ಲಿ ನಾವು ಎರಡು ವರ್ಷದಿಂದ ಎಳೆದಾಡುತ್ತಿದ್ದ ವಿಷಯ ಅದು. ಮಕ್ಕಳಿಗೆ ಅದನ್ನೆಲ್ಲ ಹೇಗೆ ಹೇಳುವುದು?

"ಮತ್ತೆ ಇಷ್ಟೆಲ್ಲ ಯಾಕೆ ಮಾಡಿದ್ರಿ?" ಈ ಸಲ ಕೇಳಿದವಳು ತುಯೆತ್.

"ನಾನೂ ದಿನಾ ಆ ರಸ್ತೆ ದಾಟ್ತೀನಲ್ಲ" ಎಂದೆ.

ತುಯೆತ್ ತಲೆ ವಾರೆ ಮಾಡಿ ನನ್ನನ್ನು ನೋಡಿದಳು.

"ಹಾಗಾದ್ರೆ ಸರಿ" ಎಂದಳು. ಎದ್ದು ಹೋಗಿ, ದಿನದ ಕೊನೆಗೆ ಎಲ್ಲರೂ ಮಾಡುವಂತೆ, ತನ್ನ ಕುರ್ಚಿಯನ್ನು ಮೇಜಿನ ಮೇಲೆ ಎತ್ತಿಟ್ಟಳು. ಬೆಲ್ಲು ಹೊಡೆಯಿತು. ಇಪ್ಪತ್ತಾರು ಮಕ್ಕಳು ಬ್ಯಾಗು ಹೊತ್ತು ಬಾಗಿಲಿಗೆ ನುಗ್ಗಿದರು. ಮನೆಗೆ ಹೋಗಲು ನನಗಿನ್ನೂ ಒಂದು ಗಂಟೆ ಇತ್ತು. ಆದರೂ ಅವರ ಜೊತೆ ಗೇಟಿನವರೆಗೆ ಓಡಿದೆ.